ಪದ ಬೇಕು: ಇನ್ಸುಲಿನ್ ರೆಸಿಸ್ಟೆನ್ಸ್ (ಫ್ಲೆಕ್ಸ್ ನಾಳೆ ಪ್ರಿಂಟಿಗೆ!)

ಗದಗದಿಂದ:
ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮಲ್ಲಿ ಶುಗರ್ ತಪಾಸಣೆ ಶಿಬಿರ ಇದೆ, ಫ್ಲೆಕ್ಸ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಡಾಕ್ಟರು ಕೊಟ್ಟ ವಿಷಯ ಇಷ್ಟು. ಇನ್ಸುಲಿನ್ ಬಂದು ಹೇಳಿದಾಗ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ತೊಡೆ, ತೋಳು, ಮೀನಖಂಡದ ಸ್ನಾಯುಗಳದ್ದು. ಅವು ಸರಿಯಾಗಿ ಎಳೆದುಕೊಳ್ಳದಿದ್ದರೆ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ, ಸುರಿದು ಸುರಿದು ಕಡೆಗೆ ಅದಕ್ಕೂ ಸಾಕಾಗುತ್ತದೆ, ಆಗ ಸಕ್ಕರೆ ಕಾಯಿಲೆ. ಸ್ನಾಯು ಹೀಗೆ ಎಳೆದುಕೊಳ್ಳದಿರುವುದೇ ಇನ್ಸುಲಿನ್ ರೆಸಿಸ್ಟೆನ್ಸ್, ಅದಕ್ಕೆ 'ಇನ್ಸುಲಿನ್ ನಿರೋಧಕ ಶಕ್ತಿ' ಅಂತ ಬರೆದು ಸೋದರಮಾವನಿಗೆ ತೋರಿಸಿದೆ. 'ಚಲೋ ಆತಲ್ಲ, ಅದನ್ನ ಹೆಚ್ಚ ಮಾಡ್ಕೊಳಾಕ ಏನ್ ತಿನ್ಬೇಕು?' ಅಂದರು! ಕೊರೊನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಅಂತ ಕೇಳಿ ಕೇಳಿ ನಿರೋಧಕ ಅಂದರೆ ಒಳ್ಳೆಯದೇ ಆಗಿಬಿಟ್ಟಿದೆ. ಬೇರೆ ಪದ ಹೇಳಿ, ನಾಳೆ ಹನ್ನೊಂದರೊಳಗೆ.

ಧಾರವಾಡದಿಂದ:
ಮೊದಲು 'ಸ್ನಾಯು' ತೆಗೆಯಿರಿ. ಆಯುರ್ವೇದದ ಸುಶ್ರುತ 900 ಸ್ನಾಯು, 500 ಪೇಶಿ ಅಂತ ಬೇರೆ ಬೇರೆ ಎಣಿಸಿದ್ದಾನೆ. ಸ್ನಾಯು ಅಂದರೆ ಬಿಗಿಯುವ ನಾರು. ಬಂಗಾಳಿಗಳಿಗೆ ಅದೇ ಪದ ನರ. ನಿಮಗೆ ಬೇಕಾದದ್ದು ಅಸ್ಥಿಪೇಶಿ, ಅಂದರೆ ಎಲುಬಿಗೆ ಅಂಟಿದ ಮಾಂಸ. ರೆಸಿಸ್ಟೆನ್ಸಿಗೆ 'ಪ್ರತಿರೋಧ'. ಮುಗಿಯಿತು.

ಹಾವೇರಿಯಿಂದ:
ಏನು ಮುಗಿಯಿತು ಸರ್? ಅಸ್ಥಿಪೇಶಿ ಅಂದರೆ ಎಪಿಎಂಸಿ ಹಮಾಲರಿಗೆ ಯಾವುದೋ ಕೋರ್ಟ್ ಕೇಸಿನ ಪೇಶಿ ಅನ್ನಿಸುತ್ತದೆ. ಮೀನಖಂಡದಲ್ಲಿ ನಮ್ಮ 'ಕಂಡ', ಅಂದರೆ ಮಾಂಸ, ಕೂತಿದೆ, ನೋಡಿ. ಲ್ಯಾಟಿನ್‌ನವರು ಸ್ನಾಯುವಿನಲ್ಲಿ ಪುಟ್ಟ ಇಲಿ ಕಂಡು ಮಸಲ್ ಅಂದರು, ನಾವು ಮೀನು ಕಂಡೆವು. ಯಾರದು ಚೆಂದ? ಎಲುಬಿಗೆ ಅಂಟಿದ ಕಂಡ 'ಎಲುಗಂಡ'. ರೆಸಿಸ್ಟೆನ್ಸಿಗೆ 'ಮಣಿಯದಿಕೆ'.

ಧಾರವಾಡದಿಂದ:
ಎಲುಗಂಡ! ಯಾರ ಗಂಡ? ಆ ಖಂಡವೂ ಸಂಸ್ಕೃತವೇ. ಸಕ್ಕರೆ ಕೂಡ ಶರ್ಕರೆಯಿಂದ ಬಂದದ್ದು, ಇನ್ನು ಚಹಾಕ್ಕೆ ಏನು ಹಾಕಿಕೊಳ್ಳುತ್ತೀರಿ?

ಹಾವೇರಿಯಿಂದ:
ಬೆಲ್ಲ.

ಹುಬ್ಬಳ್ಳಿಯಿಂದ:
ನಾನು ಫಿಸಿಯೋಥೆರಪಿ ಮಾಡುವವಳು, ದಿನಾ ಇದನ್ನೇ ಬಾಯಲ್ಲಿ ಹೇಳುತ್ತೇನೆ. ಇಬ್ಬರೂ ಹಿರಿಯರು ಕ್ಷಮಿಸಿ, ಪ್ರತಿರೋಧ, ಮಣಿಯದಿಕೆ ಎರಡರಲ್ಲೂ ಸ್ನಾಯು ಸುಮ್ನೆ ಹಟ ಮಾಡಿದ ಹಾಗಿದೆ. ಅದು ಹಟ ಅಲ್ಲ. ಸ್ನಾಯುವಿನೊಳಗೆ ಕೊಬ್ಬು ತುಂಬಿದಾಗ ಇನ್ಸುಲಿನ್ ತಂದ ಸುದ್ದಿ ಒಳಗೆ ಸರಿಯಾಗಿ ಮುಟ್ಟುವುದಿಲ್ಲ, ಸಕ್ಕರೆಯನ್ನು ಒಳಗೆ ಬಿಡುವ ಗ್ಲಟ್-4 ಅನ್ನುವ ಬಾಗಿಲುಗಳು ಜೀವಕೋಶದ ಅಂಚಿಗೆ ಬೇಕಾದಷ್ಟು ಬರುವುದಿಲ್ಲ. ಕನ್ನಡದಲ್ಲಿ 'ಮಾತು ಕೇಳುವುದು' ಅಂದರೆ ಕಿವಿಗೆ ಬೀಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು, ಅಲ್ವಾ? ಅದನ್ನೇ ಹಾಕಿ. ಇನ್ಸುಲಿನ್, ಸ್ನಾಯು ಎರಡನ್ನೂ ಹಾಗೇ ಬಿಡಿ, ಜನಕ್ಕೆ ಗೊತ್ತು. ಇನ್ನೊಂದು, ನಡೆದಾಗ, ಭಾರ ಎತ್ತಿದಾಗ ಇನ್ಸುಲಿನ್ ಹೇಳದಿದ್ದರೂ ಆ ಬಾಗಿಲುಗಳು ಅಂಚಿಗೆ ಬರುತ್ತವೆ. ಫ್ಲೆಕ್ಸಿನಲ್ಲಿ ಬೇಕಾದದ್ದು ಈ ಸಾಲು, ನೀವು ನೋಡಿದರೆ ನಾಮಪದಕ್ಕೆ ಜಗಳ ಆಡುತ್ತಿದ್ದೀರಿ.

ಧಾರವಾಡದಿಂದ:
ಅದು ಪದ ಅಲ್ಲ, ವಾಕ್ಯ.

ಗದಗದಿಂದ:
ವಾಕ್ಯವೇ ಇರಲಿ ಸರ್. 'ನಿಮ್ಮ ಸ್ನಾಯು ಇನ್ಸುಲಿನ್ ಮಾತು ಕೇಳುತ್ತಿದೆಯೇ? ದಿನಾ ನಡೆಯಿರಿ, ಇನ್ಸುಲಿನ್ ಹೇಳದಿದ್ದರೂ ಸ್ನಾಯು ಸಕ್ಕರೆ ಎಳೆದುಕೊಳ್ಳುತ್ತದೆ' ಅಂತ ಕಳಿಸಿದೆ. ಮಾವ ಓದಿ, 'ನನ್ನ ಮಾತು ಮನ್ಯಾಗ ಯಾರೂ ಕೇಳಂಗಿಲ್ಲ, ಇದೂ ಹಂಗ ಏನು?' ಅಂದರು. ಅರ್ಥ ಆಗಿದೆ. ಡಾಕ್ಟರ ಚೀಟಿಯಲ್ಲಿ 'ಚಯಾಪಚಯ ರೋಗಗಳು' (ಮೆಟಬಾಲಿಕ್ ಡಿಸೀಸ್) ಅಂತ ಇನ್ನೊಂದು ಸಾಲಿತ್ತು. ಇಲ್ಲಿ ಕೇಳುವ ಧೈರ್ಯ ಆಗದೆ ತೆಗೆದುಹಾಕಿದೆ.