ಅಮ್ಮನ ಜೊತೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಎ380 ಗೆ ಜಾಸ್ತಿ ದುಡ್ಡು ಕೊಡಬಹುದಾ, 777 ಸಾಕಾ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ತಮ್ಮ ಸ್ಯಾನ್ ಹೋಸೆಯಲ್ಲಿದ್ದಾನೆ. ಅವನ ಹೆಂಡತಿಗೆ ಈಗ ಎಂಟು ತಿಂಗಳು, ಬಾಣಂತನಕ್ಕೆ ಅಮ್ಮನನ್ನು ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರಬೇಕು. ಅಮ್ಮನಿಗೆ 71. ಮಂಡಿ ನೋವಿದೆ, ಜಾಸ್ತಿ ಹೊತ್ತು ಕೂತರೆ ಪಾದ ಊದಿಕೊಳ್ಳುತ್ತದೆ. ಹಿಂದೆ ಸಿಂಗಪುರಕ್ಕೆ ಹೋಗಿದ್ದಾಗ ಆ ನಾಲ್ಕೂವರೆ ಗಂಟೆಗೇ ಚಪ್ಪಲಿ ಹಿಡಿಸದ ಹಾಗೆ ಆಗಿತ್ತು.

ಎರಡು ಟಿಕೆಟ್ ನೋಡಿಟ್ಟಿದ್ದೇನೆ. ಒಂದು ದುಬೈ ಮೇಲೆ, ಎರಡೂ ಫ್ಲೈಟ್ ಏರ್‌ಬಸ್ ಕಂಪನಿಯ ಎ380 ವಿಮಾನ ಅಂತ ತೋರಿಸುತ್ತಿದೆ, ಮಧ್ಯೆ ನಾಲ್ಕು ಗಂಟೆ ಬಿಡುವು. ಇನ್ನೊಂದು ಬೇರೆ ಊರಿನ ಮೇಲೆ, ಬೋಯಿಂಗ್ 777. ತಲೆಗೆ ಹದಿನೆಂಟು ಸಾವಿರ ಕಡಿಮೆ, ಆದರೆ ಬಿಡುವು ಬರೀ ಒಂದೂವರೆ ಗಂಟೆ. ವಿಮಾನ ಯಾವುದು ಅನ್ನುವುದು ಕೂತವರಿಗೆ ನಿಜವಾಗಲೂ ಗೊತ್ತಾಗುತ್ತಾ? ಎರಡರಲ್ಲೂ ಓಡಾಡಿದವರು ದಯವಿಟ್ಟು ಹೇಳಿ.

ಕಿಟಕಿ ಸೀಟು

ಗೊತ್ತಾಗುತ್ತೆ ಮೇಡಂ, ಚೆನ್ನಾಗಿಯೇ ಗೊತ್ತಾಗುತ್ತೆ. ನನಗೆ ಎ380 ಅಂದರೆ ತುಂಬಾ ಪ್ರೀತಿ. 2022ರ ಅಕ್ಟೋಬರ್ 14ರಂದು ಎಮಿರೇಟ್ಸ್‌ನವರು ಮೊದಲ ಸಲ ಅದನ್ನು ಬೆಂಗಳೂರಿಗೆ ತಂದಾಗ ರಜೆ ಹಾಕಿ ದೇವನಹಳ್ಳಿ ಕಡೆ ಹೋಗಿ ನಿಂತಿದ್ದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ 80 ಮೀಟರ್. ಅಷ್ಟು ದೊಡ್ಡದು ಇಳಿಯುವಾಗ ಗಾಳಿಯಲ್ಲಿ ನಿಂತೇ ಬಿಟ್ಟಿದೆಯೇನೋ ಅನ್ನಿಸುತ್ತೆ.

ಒಳಗೆ ಕೂತಾಗ ಮೊದಲು ಗಮನಕ್ಕೆ ಬರೋದು ಸದ್ದು. ಸದ್ದು ಇಲ್ಲದಿರೋದು ಅಂತಲೇ ಹೇಳಬೇಕು. ನಾನು ಹೋದಾಗ ಪಕ್ಕದಲ್ಲಿ ಒಬ್ಬರು ಅಜ್ಜಿ ಜಪ ಮಾಡುತ್ತಾ ಕೂತಿದ್ದರು. ವಿಮಾನ ಮೇಲೇಳುವಾಗಲೂ ಅವರ ಕೈಯ ಮಣಿ ಒಂದಕ್ಕೊಂದು ತಾಗುವ ಸದ್ದು ನನಗೆ ಕೇಳಿಸುತ್ತಿತ್ತು. 777ರಲ್ಲಿ ರೆಕ್ಕೆಯ ಹಿಂದೆ ಕೂತರೆ ಹದಿನಾರು ಗಂಟೆ ಒಂದೇ ಸಮನೆ ಗುಂಯ್ ಅಂತಿರುತ್ತೆ, ಇಳಿದ ಮೇಲೂ ತಲೆಯಲ್ಲಿ ಅದೇ. ವಯಸ್ಸಾದವರಿಗೆ ಅರ್ಧ ಸುಸ್ತು ಬರೋದೇ ಅದರಿಂದ.

ಸೀಟಿನ ಸಾಲು ಎರಡರಲ್ಲೂ 3-4-3, ಅಂದರೆ ಎರಡೂ ಕಿಟಕಿ ಕಡೆ ಮೂರು ಮೂರು, ಮಧ್ಯೆ ನಾಲ್ಕು. ಆದರೆ ಎ380 ಹೊಟ್ಟೆ ಅಗಲ, ಅದಕ್ಕೆ ಸೀಟು ಸುಮಾರು 18 ಇಂಚು ಬರುತ್ತೆ. ಸಾಲಿಗೆ ಹತ್ತು ಸೀಟು ಹಾಕಿದ 777ರಲ್ಲಿ ಸುಮಾರು 17. ಒಂದು ಇಂಚು ತಾನೇ ಅನ್ನಬೇಡಿ, ನಿದ್ದೆಯಲ್ಲಿ ಭುಜಕ್ಕೆ ಭುಜ ತಾಗುತ್ತೋ ಇಲ್ಲವೋ ಅನ್ನೋದು ಆ ಒಂದು ಇಂಚಿನಲ್ಲೇ ಇದೆ.

ತೀರ್ಥಹಳ್ಳಿ ಮೂಲದವನು

ಸದ್ದಿನ ಬಗ್ಗೆ ಮೇಲಿನವರು ಹೇಳಿದ್ದು ನಿಜ. ಆದರೆ ಅಕ್ಕ, ನೀವು ಮೊದಲು ನೋಡಬೇಕಾದದ್ದು ವಿಮಾನ ಅಲ್ಲ, ಆ ಒಂದೂವರೆ ಗಂಟೆ. ವೀಲ್‌ಚೇರ್ ಬೇಕಾದವರನ್ನು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸುತ್ತಾರೆ. ನಮ್ಮ ಮಾವನವರನ್ನು ಕರೆದುಕೊಂಡು ಬರುವಾಗ ಒಂದು ಕಡೆ ವೀಲ್‌ಚೇರ್ ಬರುವುದಕ್ಕೇ ನಲವತ್ತು ನಿಮಿಷ ಆಯಿತು. ಆಮೇಲೆ ಮತ್ತೆ ಸೆಕ್ಯುರಿಟಿ ಸಾಲು. ಗೇಟ್ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿದ್ದರು. ಆ ರಾತ್ರಿ ಕಬ್ಬಿಣದ ಕುರ್ಚಿಯ ಮೇಲೆ ಬಿಪಿ ಮಾತ್ರೆ ಹುಡುಕುತ್ತಾ ಕೂತಿದ್ದ ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಗಂಟೆ ಬಿಡುವು ಇರುವುದನ್ನೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ನಿಮ್ಮ ದಾರಿಯಲ್ಲಿ ಎ350 ಅಥವಾ 787 ಸಿಗುತ್ತಾ ಅಂತಲೂ ನೋಡಿ. ಅವುಗಳ ಮೈ ಬಹುಪಾಲು ಕಾರ್ಬನ್ ಫೈಬರ್, ತುಕ್ಕಿನ ಭಯ ಕಡಿಮೆ, ಅದಕ್ಕೆ ಒಳಗಿನ ಗಾಳಿಯಲ್ಲಿ ಸ್ವಲ್ಪ ತೇವ ಇಡಬಹುದು, ಒತ್ತಡವೂ ಜಾಸ್ತಿ ಇಡಬಹುದು. ಅವು ಎಷ್ಟು ಎತ್ತರದಲ್ಲಿ ಹಾರಿದರೂ ಒಳಗೆ ಕೂತವರಿಗೆ 6,000 ಅಡಿಯಲ್ಲಿ, ಅಂದರೆ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿ ತುದಿಯಲ್ಲಿ ಇದ್ದ ಹಾಗೆ. 777ರಂಥ ಹಳೆಯ ವಿನ್ಯಾಸಗಳಲ್ಲಿ ಅದು 8,000 ಅಡಿವರೆಗೂ ಹೋಗಬಹುದು. ಅದು ಊಟಿಗಿಂತ ಮೇಲೆ. ಮನೆ ಹಾಸನದಲ್ಲಿ, ಮೂರು ಸಾವಿರ ಅಡಿಯಲ್ಲಿ ಬದುಕಿದ ಜೀವ ಅಲ್ವಾ. ಅಮ್ಮನಿಗೆ ಉಸಿರಿನ ತೊಂದರೆ ಏನಾದರೂ ಇದ್ದರೆ ಇದು ಖಂಡಿತ ಲೆಕ್ಕಕ್ಕೆ ಬರುತ್ತೆ. ನನಗಂತೂ ಎ350ರಲ್ಲಿ ಇಳಿದ ದಿನ ಗಂಟಲು ಒಣಗಿರುವುದಿಲ್ಲ.

ಕಿಟಕಿ ಸೀಟು

ಗಾಳಿ ವಿಷಯ ಒಪ್ಪಿದೆ ಸರ್. ಆದರೂ ಎ380 ಇನ್ನೆಷ್ಟು ವರ್ಷ ಇರುತ್ತೋ ಅನ್ನೋದೇ ನನಗೆ ಸಂಕಟ. ಏರ್‌ಬಸ್‌ನವರು 251 ಮಾಡಿ 2021ರ ಡಿಸೆಂಬರ್‌ನಲ್ಲಿ ಕೊನೆಯದನ್ನು ಕೊಟ್ಟು ಮುಗಿಸಿದರು. ನಾಲ್ಕು ಇಂಜಿನ್‌ಗೆ ಎಣ್ಣೆ ಹಾಕಿ, ಐನೂರು ಸೀಟು ದಿನಾ ತುಂಬಿಸೋದು ಕಷ್ಟ, ಎರಡು ಇಂಜಿನ್‌ನವೇ ಈಗ ಅಷ್ಟು ದೂರ ಹೋಗುತ್ತವೆ. ಲೆಕ್ಕ ಅರ್ಥ ಆಗುತ್ತೆ, ಮನಸ್ಸು ಒಪ್ಪಲ್ಲ.

ಎರಡು ಮಕ್ಕಳ ತಾಯಿ, ಫ್ರೀಮಾಂಟ್

ನಾನು ನೇರ ಫ್ಲೈಟ್‌ನಲ್ಲಿ ಹೋದವಳು. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ಶುರು ಮಾಡಿತಲ್ಲ, 777-200ಎಲ್‌ಆರ್. ಮೊದಲ ಫ್ಲೈಟ್ ಉತ್ತರ ಧ್ರುವದ ಮೇಲೆ ಬಂತು, ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿ ಎಲ್ಲರೂ ಹೆಂಗಸರೇ. ಆ ಸುದ್ದಿ ನೋಡಿ ಮಗಳಿಗೆ ತೋರಿಸಿದ್ದೆ, ಎಷ್ಟು ಖುಷಿಪಟ್ಟಳು. ಮುಂದಿನ ವರ್ಷ ನಾನು, ಅತ್ತೆ ಅದರಲ್ಲೇ ಬಂದೆವು. ಮಧ್ಯೆ ಎಲ್ಲೂ ಇಳಿಯೋ ರಗಳೆ ಇರಲಿಲ್ಲ, ಆದರೆ ಹದಿನೇಳು ಗಂಟೆ ಒಂದೇ ಕುರ್ಚಿ. ಅತ್ತೆ ಕಾಲು ಹತ್ತನೇ ಗಂಟೆಗೆ ಗಟ್ಟಿಯಾಗಿ ಊದಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ನನ್ನ ಪ್ರಕಾರ ಊದುವ ಕಾಲಿಗೆ ಮಧ್ಯೆ ಇಳಿದು ಓಡಾಡೋದು ಒಳ್ಳೆಯದು.

ಡಾಕ್ಟರನ್ನು ಕೇಳಿ ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನು ಬಿಗಿಯಾಗಿ ಹಿಡಿಯೋ ಕಾಲುಚೀಲ) ತೆಗೆದುಕೊಳ್ಳಿ, ಬೆಳಿಗ್ಗೆ ಊದುವ ಮುಂಚೆಯೇ ಹಾಕಿಸಿ. ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ ಅಂತ ನಮ್ಮ ಅಮ್ಮಂದಿರು ನೀರೇ ಕುಡಿಯಲ್ಲ, ಅದನ್ನು ಬಿಡಿಸಿ.

ಸೀಟು ಮಧ್ಯದ ನಾಲ್ಕರ ಸಾಲಿನಲ್ಲೇ ತೆಗೆದುಕೊಳ್ಳಿ. ಐಲ್‌ನಲ್ಲಿ, ಅಂದರೆ ಓಡಾಡೋ ದಾರಿಯ ಪಕ್ಕದ ಸೀಟಿನಲ್ಲಿ ಅಮ್ಮ, ಅವರ ಪಕ್ಕದಲ್ಲಿ ನೀವು. ಆಚೆ ಕೂತ ಇಬ್ಬರು ಆ ಕಡೆಯಿಂದಲೇ ಎದ್ದು ಹೋಗುತ್ತಾರೆ. ಕಿಟಕಿ ಕಡೆಯ ಮೂರರ ಸಾಲಿನಲ್ಲಾದರೆ ಒಳಗಿನವರು ಎದ್ದಾಗಲೆಲ್ಲ ಅಮ್ಮ ಆ ಮಂಡಿ ಇಟ್ಟುಕೊಂಡು ಎದ್ದು ನಿಲ್ಲಬೇಕು.

ಹಾಸನದವಳು

ಈ ಮಧ್ಯದ ಸಾಲಿನ ವಿಷಯ ನನಗೆ ಹೊಳೆದೇ ಇರಲಿಲ್ಲ ಅಕ್ಕ, ತುಂಬಾ ಥ್ಯಾಂಕ್ಸ್. ಎ350 ಹುಡುಕಿದೆ, ನಮ್ಮ ತಾರೀಖಿಗೆ ಹೊಂದಲಿಲ್ಲ. ಅಮ್ಮನಿಗೆ ಉಸಿರಿನ ತೊಂದರೆ ಇಲ್ಲ, ಡಾಕ್ಟರನ್ನೂ ಕೇಳಿದೆ. ದುಬೈ ಎ380 ಬುಕ್ ಮಾಡಿ, ವೀಲ್‌ಚೇರ್ ಹಾಕಿಸಿ, ದೂರದ ಫ್ಲೈಟ್‌ಗೆ ಮಧ್ಯದ ಸಾಲಿನಲ್ಲಿ ಡಿ ಮತ್ತು ಇ ಸೀಟು ಹಿಡಿದಿದ್ದೇನೆ. ಅಮ್ಮ ಈಗಲೇ ಅಂಟಿನ ಉಂಡೆಗೆ ಒಣಕೊಬ್ಬರಿ ತುರಿಯುತ್ತಾ ಕೂತಿದ್ದಾರೆ, ಜಪದ ಅಜ್ಜಿಯ ವಿಷಯ ಓದಿ ಹೇಳಿದ್ದಕ್ಕೆ ತಮ್ಮ ಮಣಿಯನ್ನೂ ಕೈಚೀಲದಲ್ಲಿ ಹಾಕಿಟ್ಟುಕೊಂಡರು.