ಗೈಡ್ ಜೊತೆ ಮೊದಲ ಸ್ಕೀ ಟೂರಿಂಗ್‌ಗೆ 9 ದಿನ ಇದೆ: ಹತ್ತುವಾಗ ಬಲಗಾಲಿನ ಬೂಟು ಕಳಚಿಕೊಳ್ಳುತ್ತಿದೆ, ಸ್ಕಿನ್ ಅಂಟುತ್ತಿಲ್ಲ

ಹಿಮಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಲಿಫ್ಟ್ ಇರುವ ಕಡೆ ಸ್ಕೀ ಮಾಡುತ್ತಿದ್ದೇನೆ. ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ಕೀ ಹಾಕಿಕೊಂಡೇ ಹತ್ತಿ ಇಳಿಯುವ ಸ್ಕೀ ಟೂರಿಂಗ್‌ಗೆ ಹೋಗುತ್ತಿರುವುದು ಇದೇ ಮೊದಲು. ನಾವು ಆರು ಜನ, ಜೊತೆಗೆ ಗೈಡ್. ಸುಮಾರು 900 ಮೀಟರ್ ಏರಿಕೆ ಅಂತ ಹೇಳಿದ್ದಾರೆ.

ಸ್ಕೀ, ಪಿನ್ ಬೈಂಡಿಂಗ್ (ಬೂಟನ್ನು ಪಿನ್‌ಗಳಿಂದ ಸ್ಕೀಗೆ ಹಿಡಿದಿಡುವ ಭಾಗ), ಬೂಟು, ಸ್ಕಿನ್ (ಹತ್ತುವಾಗ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಕೂದಲಿನ ಪಟ್ಟಿ) ಎಲ್ಲ ಒಬ್ಬರು ಬಳಸಿದ್ದನ್ನು ಕೊಂಡುಕೊಂಡೆ. ಮೊನ್ನೆ ಭಾನುವಾರ ಒಂದು ಸಣ್ಣ ಇಳಿಜಾರಿನಲ್ಲಿ ಎರಡು ಗಂಟೆ ಹತ್ತಿ ನೋಡಿದೆ. ಬಲಗಾಲಿನ ಬೂಟು ಮುಂಭಾಗದಿಂದ ಮೂರು ಸಲ ಕಳಚಿಕೊಂಡಿತು. ಎಡಗಾಲಿಗೆ ಏನೂ ಆಗಲಿಲ್ಲ. ಸ್ಕಿನ್ ಮೊದಲ ಸಲ ಚೆನ್ನಾಗಿ ಅಂಟಿತ್ತು. ತೆಗೆದು ಇಳಿದು ಮತ್ತೆ ಹಾಕಿದರೆ ಬಾಲದ (ಹಿಂದಿನ ತುದಿಯ) ಕಡೆಯಿಂದ ಬಿಟ್ಟುಕೊಂಡು ಬಂತು. ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿದೆ. ಗಾಗಲ್ಸ್ ಪೂರ್ತಿ ಆವಿ.

ಇದನ್ನೆಲ್ಲ ಸರಿಮಾಡಿಕೊಳ್ಳಬಹುದಾ, ಇಲ್ಲ ಬಾಡಿಗೆಗೆ ಬೇರೆ ತಗೊಳ್ಳಲಾ? ನನ್ನಿಂದ ಉಳಿದ ಐದು ಜನ ಕಾಯುವ ಹಾಗೆ ಆಗಬಾರದು ಅನ್ನೋದೇ ನನ್ನ ಚಿಂತೆ.

ನಿಧಾನನಡಿಗೆ

ಬಾಡಿಗೆ ವಿಚಾರ ಆಮೇಲೆ ನೋಡೋಣ. ಮೊದಲು ಇದನ್ನು ಹೇಳಿ. ಕಳಚಿಕೊಂಡಾಗ ಮುಂದಿನ ಲಿವರ್ ನಡಿಗೆಯ ಲಾಕ್‌ಗೆ ಎತ್ತಿತ್ತಾ? ಎತ್ತುವಾಗ ಎಡಕ್ಕೆ ಎಷ್ಟು ಕ್ಲಿಕ್, ಬಲಕ್ಕೆ ಎಷ್ಟು ಕ್ಲಿಕ್ ಕೇಳಿಸುತ್ತದೆ? ಬೂಟು ಹಾಕುವಾಗ ಎಲ್ಲಿ ನಿಂತಿದ್ದಿರಿ?

ಹಿಮಹೆಜ್ಜೆ

ಲಿವರ್ ಎತ್ತಿದ್ದೆ ಸರ್, ಅದು ಗ್ಯಾರಂಟಿ. ಕ್ಲಿಕ್ ಎಣಿಸಿಲ್ಲ. ಮೊದಲ ಸಲ ಕಾರ್ ನಿಲ್ಲಿಸಿದ ಜಾಗದಲ್ಲೇ ಹಾಕಿಕೊಂಡೆ. ಅಲ್ಲಿ ಹಿಮ, ಜಲ್ಲಿ ಎಲ್ಲ ಬೆರೆತಿತ್ತು. ಆಮೇಲೆ ಮೆತ್ತನೆಯ ಹಿಮದಲ್ಲಿ.

ನಿಧಾನನಡಿಗೆ

ಹಾಗಾದರೆ ಬೈಂಡಿಂಗ್ ಕೆಟ್ಟಿಲ್ಲ ಅಂತ ನನಗನ್ನಿಸುತ್ತದೆ. ಮುಂದಿನ ತುಂಡು ಹೇಗೆ ಕೆಲಸ ಮಾಡುತ್ತದೆ ನೋಡಿ. ಎರಡು ತೋಳು, ಒಂದೊಂದರ ತುದಿಯಲ್ಲಿ ಒಂದು ಉಕ್ಕಿನ ಪಿನ್. ಬೂಟಿನ ಮೂತಿಯ ಎರಡೂ ಪಕ್ಕದಲ್ಲಿ ಲೋಹದ ಗುಳಿ ಇದೆ. ಪಿನ್ ಹೋಗಿ ಆ ಗುಳಿಯಲ್ಲಿ ಕೂರಬೇಕು. ತೋಳುಗಳನ್ನು ಒಳಕ್ಕೆ ಒತ್ತಿ ಹಿಡಿಯುವುದು ಕೆಳಗಿರುವ ಸ್ಪ್ರಿಂಗ್. ಆ ಸ್ಪ್ರಿಂಗ್‌ನ ಸಂದಿಯಲ್ಲಿ ಹಿಮ ಸೇರಿಕೊಂಡರೆ, ಕಾಲಿಟ್ಟಾಗಲೆಲ್ಲ ಅದು ಅದುಮಿ ಅದುಮಿ ಮಂಜುಗಡ್ಡೆ ಆಗುತ್ತದೆ. ಆಗ ತೋಳು ಪೂರ್ತಿ ಮುಚ್ಚುವುದಿಲ್ಲ. "ಟಕ್" ಅಂತ ಸದ್ದೂ ಬರುತ್ತದೆ, ಲಿವರ್ ಕೂಡ ಎದ್ದ ಹಾಗೆ ಕಾಣುತ್ತದೆ. ಆದರೆ ಪಿನ್ ಗುಳಿಯ ಅಂಚಿನಲ್ಲಷ್ಟೇ ಕೂತಿರುತ್ತದೆ. ಓರೆ ಇಳಿಜಾರಿನಲ್ಲಿ ಕಾಲು ಸ್ವಲ್ಪ ತಿರುಚಿದರೂ ಸಾಕು, ಹೊರಗೆ.

ಮನೆಯಲ್ಲಿ ಹೀಗೆ ಮಾಡಿ. ಸ್ಕೀಗಳನ್ನು ನೆಲದ ಮೇಲಿಟ್ಟು, ಬೂಟನ್ನು ಕೈಯಲ್ಲಿ ಹಿಡಿದು ಮುಂದಿನ ತುಂಡಿಗೆ ಒತ್ತಿ. ಲಿವರ್ ಎತ್ತಿ ಕ್ಲಿಕ್ ಎಣಿಸಿ. ಎಡ, ಬಲ ಎರಡೂ ಒಂದೇ ಸಮ ಇರಬೇಕು. ಬಲದಲ್ಲಿ ಕಡಿಮೆ ಬಂದರೆ ಬೂಟು ಅದಲು ಬದಲು ಮಾಡಿ ನೋಡಿ. ತೊಂದರೆ ಬೂಟಿನ ಜೊತೆ ಹೋದರೆ ಗುಳಿಯಲ್ಲಿ ಕಸ, ಇಲ್ಲವೇ ಗುಳಿ ಸವೆದಿದೆ. ಸ್ಕೀಯಲ್ಲೇ ಉಳಿದರೆ ಸ್ಪ್ರಿಂಗ್ ಕೆಳಗೆ ಏನೋ ಇದೆ.

ಹಿಮಹೆಜ್ಜೆ

ಸಿಕ್ಕಿತು ಸರ್! ಎಡಕ್ಕೆ ನಾಲ್ಕು ಕ್ಲಿಕ್, ಬಲಕ್ಕೆ ಎರಡೇ. ಬೂಟು ಬದಲಿಸಿದರೂ ಬಲ ಸ್ಕೀಯಲ್ಲೇ ಎರಡು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಸ್ಪ್ರಿಂಗ್ ಮತ್ತು ತಳದ ನಡುವೆ ಕಡಲೆಕಾಳಿಗಿಂತ ಚಿಕ್ಕದೊಂದು ಜಲ್ಲಿಕಲ್ಲು. ಸುತ್ತ ಒಣಗಿದ ಮಣ್ಣು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಲ್ಲುಕಡ್ಡಿ ಮುರಿದುಹೋಯಿತು, ಕೊನೆಗೆ ಸಣ್ಣ ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿದೆ. ಈಗ ಬಲಕ್ಕೂ ನಾಲ್ಕು.

ನಿಧಾನನಡಿಗೆ

ತುಂಬ ಖುಷಿಯಾಯಿತು. ಬೆಟ್ಟದ ಮೇಲೆ ಕಲ್ಲಿನ ಬದಲು ಮಂಜುಗಡ್ಡೆ ಇರುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಪ್ರತಿ ಸಲ ಬೂಟು ಹಾಕುವ ಮೊದಲು ಕೋಲಿನ ತುದಿಯಿಂದ ಸ್ಪ್ರಿಂಗ್ ಸಂದಿ, ಬೂಟಿನ ಗುಳಿ ಎರಡನ್ನೂ ಕೆರೆದುಬಿಡಿ. ಬೂಟು ಕೂತ ಮೇಲೆ ಲಾಕ್ ಮಾಡುವ ಮುಂಚೆ ಹಿಮ್ಮಡಿಯನ್ನು ಐದಾರು ಸಲ ಮೇಲೆ ಕೆಳಗೆ ಆಡಿಸಿ. ಗುಳಿಯಲ್ಲಿ ಉಳಿದ ಮಂಜುಗಡ್ಡೆ ಪಿನ್‌ಗೆ ಸಿಕ್ಕಿ ಪುಡಿಯಾಗುತ್ತದೆ. ಆಮೇಲೆ ಲಿವರ್ ಎತ್ತಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಇಳಿಯುವ ಮುಂಚೆ ಆ ಲಿವರನ್ನು ಸ್ಕೀ ಸ್ಥಾನಕ್ಕೆ ಇಳಿಸಬೇಕು. ಲಾಕ್‌ನಲ್ಲೇ ಇಳಿದು ಬಿದ್ದರೆ ಮುಂಭಾಗ ಬಿಟ್ಟುಕೊಳ್ಳುವುದಿಲ್ಲ. ಮಂಡಿ, ಮಂಡಿಯ ಕೆಳಗಿನ ಕಾಲಿನ ಮೂಳೆ ಎರಡಕ್ಕೂ ಅಪಾಯ. ಬೂಟಿನ ಹಿಂದಿನ ನಡಿಗೆ ಲಿವರನ್ನೂ ಸ್ಕೀ ಸ್ಥಾನಕ್ಕೆ ತರಬೇಕು, ಅದನ್ನೂ ಬಹಳ ಜನ ಮರೆಯುತ್ತಾರೆ.

ಒಣಸ್ಕಿನ್

ಸ್ಕಿನ್ ಬಗ್ಗೆ ನಾನು ಹೇಳುತ್ತೇನೆ. ಮೊದಲ ಸಲ ಅಂಟಿತು ಅಂದರೆ ಅಂಟು ಪೂರ್ತಿ ಸತ್ತಿಲ್ಲ. ಎರಡನೇ ಸಲ ಬಿಟ್ಟಿದ್ದು ನೀರಿನಿಂದ. ಇಳಿಯುವಾಗ ಸ್ಕಿನ್ ಎಲ್ಲಿಟ್ಟಿದ್ದಿರಿ? ಬ್ಯಾಗ್‌ನಲ್ಲಿ ಅಲ್ವಾ? ಜಾಕೆಟ್ ಒಳಗೆ, ಎದೆಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಮೈ ಬಿಸಿಗೆ ಅಂಟು ಜೀವ ಹಿಡಿಯುತ್ತದೆ. ಮಡಚುವಾಗ ಅಂಟಿಗೆ ಅಂಟು ಸೇರಿಸಿ ಮಡಚಿ, ಗಾಳಿಯಲ್ಲಿ ಹಿಮದ ಮೇಲೆ ಬೀಳಲು ಬಿಡಬೇಡಿ. ಮತ್ತೆ ಹಾಕುವ ಮುಂಚೆ ಸ್ಕೀ ತಳವನ್ನು ಒಣ ಬಟ್ಟೆಯಿಂದ ಒರೆಸಿ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮಂಜು ಇದ್ದರೂ ಅಂಟು ಹಿಡಿಯುವುದಿಲ್ಲ. ಸ್ಕಿನ್‌ನ ಬಳೆಯನ್ನು ಸ್ಕೀ ಮೂತಿಗೆ ಸಿಕ್ಕಿಸಿ, ನಡುವಿನಿಂದ ಅಂಗೈಯಲ್ಲಿ ಒತ್ತುತ್ತಾ ಬಾಲಕ್ಕೆ ಹೋಗಿ, ಕೊನೆಗೆ ಕ್ಲಿಪ್ ಬಿಗಿ ಮಾಡಿ.

ಒಂದು ಪರೀಕ್ಷೆ ಇದೆ. ಅಂಟಿಸಿದ ಸ್ಕಿನ್ ಸಮೇತ ಸ್ಕೀಯನ್ನು ರಾತ್ರಿಯೆಲ್ಲ ಹೊರಗೆ ಚಳಿಯಲ್ಲಿಡಿ. ಬೆಳಿಗ್ಗೆ ಕಿತ್ತು, ಮತ್ತೆ ಅಂಟಿಸಿ, ಮತ್ತೆ ಕೀಳಿ. ಹೀಗೆ ಮೂರು ಸಲ. ಬಾಲದ ಒಂದು ಗೇಣು ಮಾತ್ರ ಬಿಟ್ಟುಕೊಂಡರೆ ಅಲ್ಲಿಗೆ ಮಾತ್ರ ಹೊಸ ಅಂಟು ಹಚ್ಚಿದರೆ ಸಾಕು. ಸ್ಕೀ ತಳದಲ್ಲಿ ಅಂಟು ಎಳೆ ಎಳೆಯಾಗಿ ಉಳಿದರೆ ಪೂರ್ತಿ ಬದಲಿಸಿ. ಸ್ಕಿನ್ ಒಣಗಿಸುವಾಗ ಹೀಟರ್ ಮುಂದೆ ಇಡಲೇಬೇಡಿ.

ಸ್ಕೀಯ ಎರಡೂ ಕಡೆ ಲೋಹದ ಅಂಚು ಕಾಣುತ್ತಿದೆಯಾ ಅಂತಲೂ ನೋಡಿ. ಅಂಚು ಮುಚ್ಚಿಹೋದರೆ ಗಟ್ಟಿ ಹಿಮದ ಓರೆಯಲ್ಲಿ ಹಿಡಿತ ಸಿಗುವುದಿಲ್ಲ. ಬೇರೆ ಸ್ಕೀಗೆ ಕತ್ತರಿಸಿದ ಸ್ಕಿನ್ ಆಗಿದ್ದರೆ ಈ ತೊಂದರೆ ಜಾಸ್ತಿ.

ಎತ್ತರದಗಾಳಿ

ಇಷ್ಟು ಹೊತ್ತು ಓದಿದೆ, ಬೀಕನ್ ಬಗ್ಗೆ ಒಂದು ಮಾತೂ ಇಲ್ಲ. ಬೀಕನ್ (ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಮಡಚುವ ಕೋಲು), ಸಲಿಕೆ ಇದೆಯಾ? ನೀವೇ ಬಳಸಿ ನೋಡಿದ್ದೀರಾ?

ಹಿಮಹೆಜ್ಜೆ

ಮೂರೂ ಇದೆ. ಬೀಕನ್ ಆನ್ ಆಗುತ್ತದೆ, ಬ್ಯಾಟರಿ 60 ಶೇಕಡಾ ತೋರಿಸುತ್ತದೆ. ಗೆಳತಿ ಜೊತೆ ಹುಡುಕಿ ನೋಡಿದಾಗ ಬಾಣ ಆಕಡೆ ಈಕಡೆ ಕುಣಿಯುತ್ತಿತ್ತು. ಗೈಡ್ ಇರುತ್ತಾರಲ್ಲ, ಅವರು ತೋರಿಸಿಕೊಡುತ್ತಾರೆ ಅಂದುಕೊಂಡೆ.

ಎತ್ತರದಗಾಳಿ

ಗೈಡ್ ತೋರಿಸುತ್ತಾರೆ, ನಿಜ. ಆದರೆ ಹಿಮದಡಿ ಸಿಕ್ಕಿಕೊಂಡವರು ಗೈಡೇ ಆಗಿದ್ದರೆ ಹುಡುಕಬೇಕಾದವರು ನೀವು. ಮೊದಲ 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಬದುಕುತ್ತಾರೆ. ಅಲ್ಲಿಂದ ಮುಂದೆ ಉಸಿರುಗಟ್ಟಿ ಆ ಲೆಕ್ಕ ದಡದಡ ಕುಸಿಯುತ್ತದೆ. ಹೊರಗಿನಿಂದ ಸಹಾಯ ಬರುವ ಹೊತ್ತಿಗೆ ಆ ಸಮಯ ಮುಗಿದಿರುತ್ತದೆ.

ಬಾಣ ಕುಣಿದಿದ್ದಕ್ಕೆ ಒಂದು ಅನುಮಾನ. ಫೋನ್ ಎಲ್ಲಿತ್ತು? ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಹತ್ತಿರದ ಫೋನ್, ಸ್ಮಾರ್ಟ್ ವಾಚ್, ಬಿಸಿ ಮಾಡುವ ಬ್ಯಾಟರಿ ಗ್ಲೋವ್ಸ್ ಅದಕ್ಕೆ ಅಡ್ಡಿ ಮಾಡುತ್ತವೆ. ಕಳಿಸುವ ಸ್ಥಿತಿಯಲ್ಲಿ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಬ್ಯಾಟರಿ ಇವತ್ತೇ ಬದಲಿಸಿ. ತಯಾರಕರು ಹೇಳಿದ ಬಗೆಯದೇ ಹಾಕಿ, ಸಾಮಾನ್ಯವಾಗಿ ಅದು ಆಲ್ಕಲೈನ್. ರೀಚಾರ್ಜ್ ಮಾಡುವ ಬ್ಯಾಟರಿ ಹಾಕಿದರೆ ತೋರಿಸುವ ಶೇಕಡಾ ನಂಬಲು ಬರುವುದಿಲ್ಲ. ಮುಚ್ಚಳ ತೆಗೆದಾಗ ಲೋಹದ ತುದಿಗಳ ಮೇಲೆ ಬಿಳಿ, ಹಸಿರು ಪುಡಿ ಇದ್ದರೆ ಆ ಬೀಕನ್ ಒಯ್ಯಬೇಡಿ. ಬಾಡಿಗೆಗೆ ತಗೊಳ್ಳುವುದಾದರೆ ಇದೊಂದನ್ನು ತಗೊಳ್ಳಿ.

ಸಲಿಕೆ ಬ್ಯಾಗಿನ ಒಳಗೇ ಇರಲಿ. ಗ್ಲೋವ್ಸ್ ಹಾಕಿಕೊಂಡೇ ಜೋಡಿಸಿ ನೋಡಿ. ಪ್ರೋಬ್ ಎಸೆದು, ಹಗ್ಗ ಎಳೆದು, ಲಾಕ್ ಮಾಡುವುದು ಕಣ್ಣುಮುಚ್ಚಿ ಬರಬೇಕು.

ಹಿಮಹೆಜ್ಜೆ

ಫೋನ್ ಅದೇ ಎದೆ ಜೇಬಲ್ಲಿತ್ತು. ಪ್ಯಾಂಟಿನ ಜೇಬಿಗೆ ಹಾಕಿ ಸಂಜೆ ಮತ್ತೆ ಹುಡುಕಿದೆ. ಬಾಣ ನೆಟ್ಟಗಿತ್ತು. ಮೊದಲ ಸಲ ಏಳು ನಿಮಿಷ, ನಾಲ್ಕನೇ ಸಲ ಮೂರು. ಬ್ಯಾಟರಿ ಹೊಸದು ಹಾಕಿದೆ, ತುದಿಗಳು ಚೊಕ್ಕವಾಗಿವೆ.

ನಿಧಾನನಡಿಗೆ

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗುಳ್ಳೆಗೆ: ಹೊರಡುವ ಮುಂಚೆಯೇ ಹಿಮ್ಮಡಿಗೆ ಟೇಪ್ ಹಾಕಿ, ಉರಿ ಶುರುವಾದ ಮೇಲಲ್ಲ. ತೆಳು ಉಣ್ಣೆ ಸಾಕ್ಸ್ ಒಂದೇ ಜೊತೆ. ಹತ್ತುವಾಗ ಸ್ಕೀ ಎತ್ತಬೇಡಿ, ಜಾರಿಸಿ. ಎತ್ತಿದಷ್ಟೂ ಹಿಮ್ಮಡಿ ಉಜ್ಜುತ್ತದೆ. ಗಾಗಲ್ಸ್‌ಗೆ: ಹತ್ತುವಾಗ ಹಣೆ ಮೇಲೆ ಇಟ್ಟುಕೊಳ್ಳಬೇಡಿ, ತಲೆಯ ಆವಿ ಎಲ್ಲ ಅದಕ್ಕೇ. ಬ್ಯಾಗ್‌ನಲ್ಲಿರಲಿ, ಹತ್ತಲು ತಂಪು ಕನ್ನಡಕ ಸಾಕು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ. ಒಂದು ಜೊತೆ ಗ್ಲೋವ್ಸ್ ಜಾಸ್ತಿ ಇರಲಿ. ಕೊಳವೆ ನೀರಿನ ಚೀಲಕ್ಕಿಂತ ಬಾಟಲಿ ವಾಸಿ, ಕೊಳವೆ ಹೆಪ್ಪುಗಟ್ಟುತ್ತದೆ.

ಹಿಂದಿನಸಾಲು

ನಾನು ಗೈಡ್ ಗುಂಪುಗಳಲ್ಲಿ ಕೊನೆಯವನಾಗಿ ನಡೆಯುವ ಸಹಾಯಕ. ಕಾಯಿಸುವ ಚಿಂತೆ ಬಗ್ಗೆ ಬರೆದಿದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ಕಾಯುವುದು ಕಷ್ಟವಲ್ಲ, ಎಲ್ಲಿ ಕಾಯುತ್ತೇವೆ ಅನ್ನೋದು ಮುಖ್ಯ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅಂಥ ಇಳಿಜಾರಿನ ಕೆಳಗೆ ಹಾದುಹೋಗುವಾಗ ಗೈಡ್ ಒಬ್ಬೊಬ್ಬರನ್ನೇ ಬಿಡುತ್ತಾರೆ. ಅಲ್ಲಿ ನಡುವೆ ಒಬ್ಬರ ಬೂಟು ಕಳಚಿತು ಅಂದರೆ ಆ ಒಬ್ಬರು ಅಪಾಯದ ಜಾಗದಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ಕಲ್ಲು ಇವತ್ತೇ ಸಿಕ್ಕಿದ್ದು ಅದಕ್ಕೇ ನನಗೆ ಸಮಾಧಾನ.

ಗೈಡ್‌ಗೆ ಇವತ್ತೇ ಮೆಸೇಜ್ ಮಾಡಿ. ಮೊದಲ ಟೂರಿಂಗ್, ಗಂಟೆಗೆ ಎಷ್ಟು ಮೀಟರ್ ಹತ್ತುತ್ತೀರಿ, ಕಿಕ್ ಟರ್ನ್ (ಕಡಿದಾದ ಏರಿನಲ್ಲಿ ಒಂದೊಂದೇ ಸ್ಕೀ ಎತ್ತಿ ದಿಕ್ಕು ತಿರುಗಿಸುವುದು) ಬರುತ್ತದೋ ಇಲ್ಲವೋ, ಮಂಡಿ ನೋವು, ಔಷಧಿ ಎಲ್ಲ ಬರೆಯಿರಿ. ಜಾಸ್ತಿ ಬರುತ್ತದೆ ಅಂತ ಹೇಳಿಕೊಂಡರೆ ಅವರು ಆರಿಸುವ ದಾರಿಯೇ ತಪ್ಪುತ್ತದೆ. ಹಿಮಕುಸಿತದ ಅಪಾಯದ ಮಟ್ಟ 1ರಿಂದ 5ರವರೆಗೆ ಇರುತ್ತದೆ. 3 ಇದ್ದ ದಿನ ಗೈಡ್ ದಾರಿ ಬದಲಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಹಿಮಹೆಜ್ಜೆ

ಹೋಗಿ ಬಂದೆ. ಅಪಾಯದ ಮಟ್ಟ 3 ಇತ್ತು. ಅಂದುಕೊಂಡ ಬೆಟ್ಟ ಬಿಟ್ಟು ಕಾಡಿನೊಳಗಿನ ಮೆತ್ತನೆ ಇಳಿಜಾರಿಗೆ ಕರೆದುಕೊಂಡು ಹೋದರು. 900 ಅಲ್ಲ, 650 ಮೀಟರ್. ಗಂಟೆಗೆ ಸುಮಾರು 250 ಹತ್ತುತ್ತೇನೆ ಅಂತ ಮೊದಲೇ ಬರೆದಿದ್ದೆ, ನಡಿಗೆ ಹಾಗೇ ಇಟ್ಟುಕೊಂಡರು.

ಬಲಗಾಲು ಒಂದು ಸಲವೂ ಕಳಚಲಿಲ್ಲ. ಎರಡನೇ ಏರಿಕೆಯಲ್ಲಿ ಎಡ ಸ್ಕಿನ್‌ನ ಬಾಲ ಬಿಟ್ಟಿತು. ಗೈಡ್ ಒಂದು ರಬ್ಬರ್ ಸ್ಟ್ರಾಪ್ ಸುತ್ತಿ ಬಿಗಿದರು, ಒಂದು ನಿಮಿಷವೂ ಆಗಲಿಲ್ಲ. ಅಂಥದ್ದು ಎರಡು ತಂದು ಬ್ಯಾಗಿಗೆ ಕಟ್ಟಿದ್ದೇನೆ. ಬಾಲಕ್ಕೆ ಅಂಟು ಹಚ್ಚುವ ಕೆಲಸ ಈ ಭಾನುವಾರ. ಒಣಸ್ಕಿನ್ ಅವರೇ, ಹಳೆ ಅಂಟು ತೆಗೆಯದೇ ಮೇಲೆ ಹಚ್ಚಬಹುದಾ?

ಒಣಸ್ಕಿನ್

ಒಂದು ಗೇಣು ಅಷ್ಟೇ ಆದರೆ ಹಳೆಯದನ್ನು ಕೆರೆದು ತೆಗೆದೇ ಹಚ್ಚಿ. ಕಂದು ಕಾಗದ ಇಟ್ಟು ಮೇಲಿಂದ ಇಸ್ತ್ರಿಪೆಟ್ಟಿಗೆ ಹಗುರವಾಗಿ ಆಡಿಸಿದರೆ ಅಂಟು ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಬಿಸಿ ಇರುವಾಗಲೇ ಕಿತ್ತುಬಿಡಿ. ಜಾಸ್ತಿ ಬಿಸಿ ಬೇಡ, ಕೂದಲು ಸುಟ್ಟುಹೋಗುತ್ತದೆ.