ಪದಚರ್ಚೆ: ಹವಳದ ತೊಟ್ಟಿಗೆ ‘ಪೋಷಕಾಂಶ’ ಸರೀನಾ, ‘ಗೊಬ್ಬರ’ ಅನ್ಬೋದಾ?

ಎಲ್ರಿಗೂ ನಮಸ್ಕಾರ. ಹವಳ ಸಾಕೋರು ತೊಟ್ಟಿ ನೀರಿನ ವಿಚಾರದಲ್ಲಿ ‘ನ್ಯೂಟ್ರಿಯಂಟ್’ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋದು? ಪ್ರಶ್ನೆ ಸಣ್ಣದು, ಹಿಂದಿರೋ ಕತೆ ಉದ್ದ, ಸ್ವಲ್ಪ ಸಹಿಸ್ಕೊಳ್ಳಿ.

ನಾನಿರೋದು ನ್ಯೂಜೆರ್ಸೀಲಿ. ಮನೇಲಿ ಸುಮಾರು 230 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ, ಬರೀ ಮೀನಲ್ಲ, ಜೀವಂತ ಹವಳ ಸಾಕಿದೀನಿ. ಊರಲ್ಲಾಗಿದ್ರೆ ಇದನ್ನ ಮಾಡೋಕಾಗ್ತಿರ್ಲಿಲ್ಲ, ಕಲ್ಲು ಕಟ್ಟೋ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟೀಲಿ ಹುಲಿ ಜೊತೆ ಕೂತಿವೆ. ಅದಕ್ಕೇ ಇರ್ಬೇಕು ಈ ಹವ್ಯಾಸದ ಮಾತು ಕನ್ನಡದಲ್ಲಿ ಹುಟ್ಟೇ ಇಲ್ಲ. ನಂಗೂ ಅದು ಬೇಕಾಗಿರ್ಲಿಲ್ಲ, ಹೋದ್ವರ್ಷ ಮಂಡ್ಯದಿಂದ ಅವ್ವ ಬರೋ ತನಕ.

ಅವ್ವ ಅಂಗನವಾಡೀಲಿ ಕೆಲಸ ಮಾಡಿ ರಿಟೈರ್ ಆದೋಳು, ಅಳತೆ ತೂಕ ಚಾರ್ಟು (ಮಗೂನ ತೂಕ ಸರಿ ಇದ್ರೆ ಹಸಿರು ಪಟ್ಟೀಲಿ ಬರತ್ತಲ್ಲ, ಅದು) ಅಂದ್ರೆ ಕೈ ಪಳಗಿದೆ. ನಾವಿಬ್ರೂ ಹತ್ತು ದಿನ ಆಚೆ ಹೋಗ್ಬೇಕಾಗಿ ಬಂತು, ತೊಟ್ಟಿ ನೋಡ್ಕೊಳ್ಳೋದು ಹೇಗೆ ಅಂತ ಕನ್ನಡದಲ್ಲಿ ಎರಡು ಪುಟ ಬರೆದಿಟ್ಟು ಹೋದೆ, ‘ನೀರಿನಲ್ಲಿ ಪೋಷಕಾಂಶಗಳ ಸಮತೋಲನ ಕಾಪಾಡಬೇಕು’ ಅಂತ ಶುರು ಮಾಡಿ, ಪಠ್ಯಪುಸ್ತಕದ ಥರಾನೇ. ನೀರಲ್ಲಿರೋ ರಂಜಕ (ಪಾಸ್ಫರಸ್) ಅಳೆಯೋ ಮೀಟರ್ ಬಳಸೋದನ್ನೂ ತೋರಿಸಿಕೊಟ್ಟಿದ್ದೆ: 10 ಎಂಎಲ್ ಶೀಶೆಗೆ ನೀರು ತುಂಬಿ, ಒಂದು ಪೊಟ್ಟಣ ಪುಡಿ ಹಾಕಿ, ಚೆನ್ನಾಗಿ ಅಲ್ಲಾಡಿಸಿ, ಗಾಜಿನ ಮೇಲಿನ ಬೆರಳಚ್ಚು ಒರೆಸಿ, ಒಳಗಿಟ್ಟು ಬಟನ್ ಒತ್ತಿದ್ರೆ ಮೂರು ನಿಮಿಷಕ್ಕೆ ಒಂದು ನಂಬರ್ ಬರತ್ತೆ. ನಾ ಹೊರಟ ದಿನ ಅದು 20 ಇತ್ತು, ಇರ್ಬೇಕಾದಷ್ಟೇ. ಒಂಬತ್ತನೇ ದಿನ ಫೋನಲ್ಲಿ ಅವ್ವ ಎಷ್ಟು ಖುಷೀಲಿ ಹೇಳಿದ್ಲು ಅಂದ್ರೆ, “ನೂರು ತೋರಿಸ್ತಾ ಅದೆ ಕಣಪ್ಪ, ನೂರಕ್ಕೆ ನೂರು!”

ದಿನಕ್ಕೊಂದು ಕ್ಯೂಬ್ ಹಾಕ್ಬೇಕಾಗಿದ್ದ ಫ್ರೋಜನ್ ಸೀಗಡಿನ ಮೂರು ಮೂರು ಹಾಕಿದ್ಲು. ಪೋಷಕಾಂಶ ಅಲ್ವಾ, ಸಾಲ್ದೇ ಹೋದ್ರೆ ಮಕ್ಳು ಸೊರಗ್ತವೆ. ಸೆಪ್ಟೆಂಬರ್ ಬಂದ್ರೆ ಪೋಷಣ ಮಾಸ ಅಂತ ಬ್ಯಾನರ್ ಕಟ್ಟಿದ ಹೆಂಗಸಿಗೆ ಪೋಷಕಾಂಶ ಹೆಚ್ಚಾಯ್ತು ಅನ್ನೋ ದೂರೇ ಅರ್ಥ ಆಗ್ಲಿಲ್ಲ, ಅದು ಅವಳ ತಪ್ಪಲ್ಲ, ಆ ಪದದೊಳಗೇ ‘ಒಳ್ಳೇದು, ಇನ್ನಷ್ಟು ಕೊಡಿ’ ಅಂತ ಇದೆ.

ಹವಳ ಸಾಕೋರು ನ್ಯೂಟ್ರಿಯಂಟ್ ಅನ್ನೋದು ತಿನ್ನೋದಕ್ಕಲ್ಲ. ಮೀನು ತಿಂದು ಬಿಟ್ಟದ್ದು, ಹೇತದ್ದು ಕೊಳೆತು ಅಮೋನಿಯಾ ಆಗಿ, ಬಂಡೆಗಳಲ್ಲಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡಿ, ಕೊನೆಗೆ ನೀರಲ್ಲಿ ಕರಗಿ ಉಳಿಯೋ ನೈಟ್ರೇಟು, ಅದ್ರ ಜೊತೆ ಫಾಸ್ಫೇಟು, ಇವೆರಡಕ್ಕೆ ಆ ಹೆಸರು. ತುಂಬ ಜನ ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು ಅಂತ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇಟ್ಕೋತಾರೆ. ನಮ್ಮನೇದು ಆ ಹತ್ತು ದಿನದಲ್ಲಿ ನೈಟ್ರೇಟ್ 30 ದಾಟಿ, ಫಾಸ್ಫೇಟ್ 0.3 ಆಗಿ, ಬಂಡೆ ತುಂಬ ಹಸಿರು ಕೂದಲು ಪಾಚಿ.

ನಾನು ಬಂದು ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ಅರ್ಧರ್ಧ ನೀರು ಬದಲಾಯಿಸ್ದೆ, ಫಾಸ್ಫೇಟ್ ಹೀರೋ ಕಬ್ಬಿಣದ ತುಕ್ಕಿನ ಕಾಳನ್ನ ಬೇಕಾದ್ದಕ್ಕಿಂತ ಎರಡರಷ್ಟು ಸುರಿದೆ, ಎರಡೂ ಸೊನ್ನೆಗೆ ಬಂತು. ಸೊನ್ನೆ ಅಂದ್ರೆ ಸ್ವಚ್ಛ ಅನ್ಕೊಂಡೆ. ಎರಡೇ ವಾರಕ್ಕೆ ಹವಳ ಬಿಳಿಚಿಕೊಳ್ತು (ನೋಡಿ ಈ ‘ಬಿಳಿಚಿಕೊಳ್ಳೋದು’ ಎಷ್ಟು ಚೆನ್ನಾಗಿ ಕೂರತ್ತೆ, ಹವಳದ ಮೈಯೊಳಗಿರೋ ಕಣ್ಣಿಗೆ ಕಾಣದ ಪಾಚಿ ಕಮ್ಮಿ ಆದ್ರೆ ಅದರ ಬಣ್ಣ ಹೋಗೋದಕ್ಕೆ ಇದಕ್ಕಿಂತ ಒಳ್ಳೆ ಮಾತು ಸಿಗಲ್ಲ), ಮರಳಿನ ಮೇಲೆ ಕಂದು ಬಣ್ಣದ ಲೋಳೆ, ಎಳೆಎಳೆಯಾಗಿ, ಒಳಗೆ ಗಾಳಿ ಗುಳ್ಳೆ ಸಿಕ್ಕಾಕೊಂಡು ತೇಲ್ತಾ. ಡೈನೋಫ್ಲಾಜೆಲೇಟ್ ಅಂತಾರೆ ಅದನ್ನ, ಬೇರೆ ಯಾವ ಪಾಚೀನೂ ಬದುಕಕ್ಕಾಗದಷ್ಟು ನೀರು ಬಡವಾದಾಗ ಮೆರೆಯೋ ಜಾತಿ. ಅವ್ವ ನೋಡಿ ಒಂದೇ ಮಾತಲ್ಲಿ, “ಥೂ, ಗೊಣ್ಣೆ” ಅಂದ್ಲು. ಇಲ್ಲಿಯೋರೂ ಹಾಗೇ ಕರೀತಾರೆ ಅಂದ್ರೆ ನಂಬ್ತೀರಾ.

ಆಗ ಕೂತು ಇನ್ನೊಂದ್ಸಲ ವಿವರಿಸ್ದೆ. ಅವ್ವ ಕೇಳಿಸ್ಕೊಂಡು, “ಅಯ್ಯೋ, ಹಂಗಾದ್ರೆ ಗೊಬ್ಬರ ಅನ್ನಪ್ಪ, ಅದೇನ್ ಪೋಷಕಾಂಶ ಅಂತೀಯ. ಯೂರಿಯಾ ಜಾಸ್ತಿ ಬಿದ್ರೆ ಭತ್ತ ಸೊಕ್ಕಿ ಮನೀಕತದೆ, ಹಾಕ್ದೇ ಹೋದ್ರೆ ಬೆಳ್ಳಗಾಯ್ತದೆ, ಅಷ್ಟೇ ತಾನೆ?”

ಅಷ್ಟೇ. ನನ್ನ ಎರಡು ಪುಟ ಅವಳ ಒಂದು ಪದದಲ್ಲಿ ಮುಗೀತು.

ಈಗ ಪ್ರಶ್ನೆ. ಈ ಜಾಗಕ್ಕೆ ‘ಗೊಬ್ಬರ’ ಅಂದ್ರೆ ನಿಮ್ ಕಿವಿಗೆ ಹೇಗೆ ಕೇಳಿಸತ್ತೆ? ನಂಗೆ ಇಷ್ಟ ಆಗಿರೋದಕ್ಕೆ ಕಾರಣ, ಹೇಲು-ಸಗಣಿಯಿಂದ ಬರೋದು, ಹೆಚ್ಚಾದ್ರೂ ಕೆಡುಕು ಕಮ್ಮಿ ಆದ್ರೂ ಕೆಡುಕು, ಈ ಎರಡೂ ಅದರೊಳಗೆ ಆಗ್ಲೇ ಇವೆ. ತಕರಾರು ಅಂದ್ರೆ ಗೊಬ್ಬರ ನಾವು ಬೇಕು ಅಂತ ಹಾಕೋದು, ಇದು ತಾನಾಗೇ ಕೂಡಿಕೊಳ್ಳೋದು. (ಸೊನ್ನೆಯಿಂದ ಮೇಲೆ ತರೋಕೆ ನಾನು ಸೋಡಿಯಂ ನೈಟ್ರೇಟ್ ಕರಗಿಸಿ ಹನಿ ಹನಿ ಹಾಕಿದ್ದಂತೂ ಅಪ್ಪಟ ಗೊಬ್ಬರ ಹಾಕೋದೇ.) ‘ಸಾರ’ ಅನ್ನೋದನ್ನೂ ಯೋಚಿಸ್ದೆ, ನೆಲದ ಸಾರ ಇದ್ದಂಗೆ ನೀರಿನ ಸಾರ, ಸಾರಜನಕ ಅನ್ನೋದ್ರಲ್ಲೂ ಅದಿದೆ, ಆದ್ರೆ ಉಪ್ಪುನೀರಿನ ಸಾರ ಅಂದ ತಕ್ಷಣ ನಮ್ ಕಡೆಯೋರಿಗೆ ಉಪ್ಸಾರು ಮುದ್ದೆ ನೆನಪಾಗಿ ಮಾತು ಅಲ್ಲಿಗೇ ನಿಂತೋಗತ್ತೆ.

ಎರಡನೇದು ‘ಸಮತೋಲನ’. ಇದು ನಂಗೆ ಗೊಬ್ಬರಕ್ಕಿಂತ ದೊಡ್ಡ ತಲೆನೋವು. ತಕ್ಕಡಿ ಪದ ಅದು, ಎರಡು ತಟ್ಟೆ ಸಮ ಇರ್ಬೇಕು ಅನ್ಸತ್ತೆ, ಅವ್ವಾನೂ ಕೇಳಿದ್ಲು, ಹದಿನೇಳು-ಹದಿನೇಳು ಗೊಬ್ಬರದಂಗೆ ಎರಡೂ ಒಂದೇ ಅಳತೇಲಿ ಇರ್ಬೇಕಾ ಅಂತ. ಇಲ್ಲಿ ಸಮ ಅನ್ನೋದೇ ಇಲ್ಲ. ಆಲ್ಫ್ರೆಡ್ ರೆಡ್‌ಫೀಲ್ಡ್ ಅಂತ ಅಮೆರಿಕದ ಸಮುದ್ರ ವಿಜ್ಞಾನಿ 1934ರಲ್ಲಿ ತೋರಿಸಿದ್ದು, ಸಮುದ್ರದ ತೇಲುಜೀವಿಗಳಲ್ಲೂ ನೀರಲ್ಲೂ ಈ ಧಾತುಗಳು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿರ್ತವೆ ಅಂತ, ಈಗ ಅದನ್ನ ಇಂಗಾಲ 106, ಸಾರಜನಕ 16, ರಂಜಕ 1 ಅಂತ ಹೇಳ್ತಾರೆ. ಅದು ಪರಮಾಣು ಲೆಕ್ಕ, ನೈಟ್ರೇಟ್-ಫಾಸ್ಫೇಟ್ ತೂಕಕ್ಕೆ ತಿರುಗಿಸಿದ್ರೆ ಸುಮಾರು 10ಕ್ಕೆ 1. ಚೆನ್ನಾಗಿರೋ ಎಷ್ಟೋ ತೊಟ್ಟಿಗಳಲ್ಲಿ 100ಕ್ಕೆ 1 ಇರತ್ತೆ, ಹವಳ ಏನೂ ಮುನಿಸ್ಕೊಂಡಿರಲ್ಲ. ನನ್ ಅನುಭವದಲ್ಲಿ ಆ ಪ್ರಮಾಣದ ಹಿಂದೆ ಬೀಳೋದಕ್ಕಿಂತ ಎರಡರಲ್ಲಿ ಯಾವ್ದೂ ಸೊನ್ನೆ ಆಗ್ದಂಗೆ, ದಿಢೀರ್ ಏರಿಳೀದಂಗೆ ನೋಡ್ಕೊಳ್ಳೋದು ಮುಖ್ಯ. ಅದಕ್ಕೆ ‘ಹದ’ ಅಂತ ಮನಸ್ಸಿಗೆ ಬರ್ತಿದೆ. ಮಣ್ಣಿನ ಹದ, ಪಾಕದ ಹದ. ಅನುಮಾನ ಏನಂದ್ರೆ ಹದ ಅನ್ನೋದು ಕೈಯಲ್ಲಿ ಕಣ್ಣಲ್ಲಿ ನೋಡೋದು, ಮೀಟರಲ್ಲಿ ಬರೋ ನಂಬರಿಗೆ ಅದು ಒಪ್ಪತ್ತಾ? ‘ಗೊಬ್ಬರದ ಹದ 0.03ರಿಂದ 0.1’ ಅಂತ ಬರೆದ್ರೆ ನಗ್ತೀರಾ?

ಮೂರನೇದು ಚಿಕ್ಕದು ಆದ್ರೆ ಅಪಾಯದ್ದು. ಕೃಷಿಯೋರು ರಂಜಕ ಅಂತ ಪಾಸ್ಫರಸ್ಸಿಗೂ ಹೇಳ್ತಾರೆ, ಮಾತಲ್ಲಿ ಫಾಸ್ಫೇಟಿಗೂ ಹೇಳ್ತಾರೆ. ನನ್ ಮೀಟರ್ ತೋರಿಸೋದು ರಂಜಕಾನ, ಪಿಪಿಬಿ ಲೆಕ್ಕದಲ್ಲಿ (ಸಾವಿರ ಪಿಪಿಬಿ ಸೇರಿದ್ರೆ ಒಂದು ಪಿಪಿಎಂ), ಅದನ್ನ 3.07ರಿಂದ ಗುಣಿಸಿದ್ರೆ ಫಾಸ್ಫೇಟ್, ಸಾವಿರದಿಂದ ಭಾಗಿಸಿದ್ರೆ ಪಿಪಿಎಂ, 20 ಅಂದ್ರೆ 0.06 ಪಿಪಿಎಂ. ಗೊಬ್ಬರದ ಮೂಟೆ ಮೇಲೂ ಇದೇ ಗೋಳು, ಡಿಎಪಿ 18:46 ಅಂತಾರಲ್ಲ, ಆ 46 ರಂಜಕ ಅಲ್ಲ, ಅದರ ಆಕ್ಸೈಡ್ ಲೆಕ್ಕ. ಎರಡನ್ನೂ ಬೇರೆ ಮಾಡೋ ಕನ್ನಡ ಬಳಕೆ ಕೃಷಿ ವಿವಿ ಕಡೆಯೋರಲ್ಲಿ ಇದ್ರೆ ತಿಳಿಸಿ, ಇಲ್ಲಾಂದ್ರೆ ನಾನು ಫಾಸ್ಫೇಟ್ ಅಂತಾನೇ ಬಿಡ್ತೀನಿ.

ಹಾಗೇ ಕರಾವಳಿಯೋರಿಗೆ ಒಂದು ಮಾತು. ಪಠ್ಯದಲ್ಲಿ ‘ಹವಳದ ದಿಬ್ಬ’ ಇದೆ ಸರಿ, ಆದ್ರೆ ಮುರ್ಡೇಶ್ವರದ ಹತ್ರ ನೇತ್ರಾಣಿ ಸುತ್ತ ಮೀನು ಹಿಡಿಯೋರು ನೀರೊಳಗಿನ ಆ ಕಲ್ಲನ್ನ ಏನಂತಾರೆ?

ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಕಪ್ಪಲ್ಲಿ ಸೇರೋ ಕರೀ ನೀರಿಗೆ ಮಾತ್ರ ಪದ ಹುಡುಕ್ಬೇಕಾಗಿಲ್ಲ, ಅವ್ವ ಮೂಸಿ ನೋಡಿ ಆಲೆಮನೆ ಕೊಪ್ಪರಿಗೆ ನೆನೆಸ್ಕೊಂಡು ಮಡ್ಡಿ ಅಂತ ಹೆಸರಿಟ್ಟಾಗಿದೆ.

ಮುಂದಿನ ತಿಂಗಳು ಮತ್ತೆ ಬರ್ತಾಳೆ, ನಾವು ಮತ್ತೆ ಆಚೆ ಹೋಗೋದಿದೆ. ಗಾಜಿಗೆ ಅಂಟಿಸೋಕೆ ಬರೆದಿರೋ ಚೀಟಿ ಹೀಗಿದೆ, ತಿದ್ದಿ ಕೊಡಿ:

“ಅವ್ವ, ದಿನಕ್ಕೆ ಒಂದೇ ಕ್ಯೂಬ್. ಗೊಬ್ಬರದ ಹದ ಮೀಟರಲ್ಲಿ 10ರಿಂದ 30, ಅದೇ ನಿನ್ ಚಾರ್ಟಿನ ಹಸಿರು ಪಟ್ಟಿ. ಸೊನ್ನೆ ಬಂದ್ರೂ ಫೋನ್ ಮಾಡು, ನೂರು ಬಂದ್ರೂ ಫೋನ್ ಮಾಡು. ಮಡ್ಡಿ ಸಿಂಕಿಗೆ ಚೆಲ್ಬೇಡ, ಮನೆಯೆಲ್ಲ ನಾರತ್ತೆ.”